ಎರಡು ಕ್ಯಾಮೆರಾದ ಆಟಕ್ಕೆ ತಕ್ಕ ಎಸ್‌ಎಸ್‌ಡಿ

ಕುಂದಾಪುರದ ಕಡೆ ನಡೆಯುವ ಯಕ್ಷಗಾನ ಆಟಗಳನ್ನು ನನ್ನ ಭಾವ ವಿಡಿಯೊ ಮಾಡುತ್ತಾರೆ. ಬೆಂಗಳೂರಿನ ಮನೆಯಲ್ಲಿ ಕುಳಿತು ನಾನು ಅವುಗಳನ್ನು ಎಡಿಟ್ ಮಾಡುತ್ತೇನೆ. ಮೇಳಗಳು ತಿರುಗಾಟಕ್ಕೆ ಹೊರಡುವ ನವೆಂಬರಿನಿಂದ ಮೇ ತಿಂಗಳವರೆಗೆ ತಿಂಗಳಿಗೆ ಎರಡು ಆಟಗಳಾದರೂ ನಮ್ಮ ಕೈಗೆ ಬರುತ್ತವೆ. ಒಂದು ಕ್ಯಾಮೆರಾ ಇಡೀ ರಂಗಸ್ಥಳವನ್ನು ಹಿಡಿದು ನಿಂತಿರುತ್ತದೆ, ಇನ್ನೊಂದು ವೇಷಧಾರಿಯ ಮುಖವನ್ನೋ ಭಾಗವತರನ್ನೋ ಹಿಂಬಾಲಿಸುತ್ತದೆ. ಎಲ್ಲಿ ದೂರದ ನೋಟ ಇರಬೇಕು, ಎಲ್ಲಿ ಹತ್ತಿರದ್ದು ಬರಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸ. ಬಡಗುತಿಟ್ಟಿನ ಕುಣಿತದಲ್ಲಿ ಈ ಬದಲಾವಣೆ ಚೆಂಡೆಯ ಪೆಟ್ಟಿನ ಮೇಲೆಯೇ ಬೀಳಬೇಕು. ಪೆಟ್ಟಿಗೂ ಹೆಜ್ಜೆಗೂ ನಡುವೆ ಎಲ್ಲೋ ಬಿದ್ದರೆ ನೋಡುವವರಿಗೆ ತಾಳ ತಪ್ಪಿದಂತೆ ಕಾಣುತ್ತದೆ, ಮತ್ತು ಆ ತಪ್ಪು ಕಲಾವಿದರದ್ದೆಂದು ಅವರು ತಿಳಿಯುವ ಅಪಾಯವಿದೆ. ಈ ಕೆಲಸಕ್ಕಾಗಿ ನಾನು ವೇಗದ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಮಾಹಿತಿ ಇಡುವ ಡಿಸ್ಕ್) ಹುಡುಕಿದ, ಮೊದಲು ತಪ್ಪಾಗಿಯೂ ಆಮೇಲೆ ಸರಿಯಾಗಿಯೂ ಕೊಂಡ ಅನುಭವ ಇದು.

ನನ್ನ ಕಂಪ್ಯೂಟರಿನಲ್ಲಿ ರೈಜನ್ 5 5600ಜಿ ಪ್ರೊಸೆಸರ್, ಬಿ550 ಮದರ್‌ಬೋರ್ಡ್, ವಿಂಡೋಸ್‌ಗೆಂದು 500 ಜಿಬಿಯ ಸಾಟಾ (ಹಾರ್ಡ್ ಡಿಸ್ಕಿನಂತೆಯೇ ಕೇಬಲ್ಲಿನಿಂದ ಜೋಡಿಸುವ ಬಗೆ) ಎಸ್‌ಎಸ್‌ಡಿ ಮತ್ತು ಮೂಲ ಚಿತ್ರೀಕರಣ ಇಡಲು 4 ಟಿಬಿಯ ಹಾರ್ಡ್ ಡಿಸ್ಕ್ ಇದ್ದವು. ಭಾವನ ಕ್ಯಾಮೆರಾಗಳು 4ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆಯುತ್ತವೆ. ಅಂದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಮೂರೂವರೆ ಗಂಟೆಯ ಕಾಲಮಿತಿ ಆಟ ಎಂದರೆ 315 ಜಿಬಿ. ಈ ಫೈಲುಗಳು ತುಂಬಾ ಕುಗ್ಗಿಸಿ ಇಟ್ಟಂಥವು. ಒಂದು ಚಿತ್ರವನ್ನು ಬಿಡಿಸಬೇಕಾದರೆ ಅದರ ಹಿಂದುಮುಂದಿನ ಹಲವು ಚಿತ್ರಗಳನ್ನೂ ಲೆಕ್ಕ ಹಾಕಬೇಕಾಗುವುದರಿಂದ, ವಿಡಿಯೊವನ್ನು ಹಿಂದೆ ಮುಂದೆ ಓಡಿಸಿದಾಗಲೆಲ್ಲ ಪ್ರೊಸೆಸರ್ ತಡವರಿಸುತ್ತದೆ. ಆ ಕಾರಣಕ್ಕೆ ಎಲ್ಲವನ್ನೂ ಮೊದಲು ಡಿಎನ್‌ಎಕ್ಸ್‌ಎಚ್‌ಆರ್ ಎಂಬ, ಎಡಿಟಿಂಗ್‌ಗೆ ಒಗ್ಗುವ ರೂಪಕ್ಕೆ ಬದಲಾಯಿಸಿಕೊಳ್ಳುತ್ತೇನೆ. ಬದಲಾಯಿಸಿದ ಫೈಲು ಸಲೀಸಾಗಿ ಓಡುತ್ತದೆ, ಆದರೆ ಊದಿಕೊಳ್ಳುತ್ತದೆ: ನಾನು ಬಳಸುವ ಗುಣಮಟ್ಟದಲ್ಲಿ ಒಂದು ಕ್ಯಾಮೆರಾದ ಒಂದು ಗಂಟೆಗೆ ಸುಮಾರು 200 ಜಿಬಿ, ಇಡೀ ಆಟಕ್ಕೆ ಸುಮಾರು 1.4 ಟಿಬಿ.

ಇಷ್ಟನ್ನೂ ಮೊದಲ ವರ್ಷ ಹಾರ್ಡ್ ಡಿಸ್ಕಿನಿಂದಲೇ ಓಡಿಸುತ್ತಿದ್ದೆ. ಎರಡು ಕ್ಯಾಮೆರಾ ಒಟ್ಟಿಗೆ ಓಡಬೇಕಾದರೆ ಸೆಕೆಂಡಿಗೆ ಸುಮಾರು 115 ಎಂಬಿ ಬೇಕು, ಅಷ್ಟನ್ನು ನನ್ನ ಹಾರ್ಡ್ ಡಿಸ್ಕ್ ಒಂದೇ ಫೈಲನ್ನು ಒಂದೇ ಓಟದಲ್ಲಿ ಓದುವಾಗ ಕೊಡುತ್ತಿತ್ತು. ಆದರೆ ಎರಡು ಫೈಲುಗಳೆಂದರೆ ಡಿಸ್ಕಿನ ಮೇಲೆ ಎರಡು ಬೇರೆ ಜಾಗಗಳು. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯಲ್ಲಿ ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡು ಕಾಯಬೇಕು. ಮುಳ್ಳು ಅಲ್ಲಿಂದಿಲ್ಲಿಗೆ ಸರಿಯುವ ಹೊತ್ತು ಬೇರೆ. ಹೀಗೆ ಸೆಕೆಂಡಿಗೆ ಹತ್ತಾರು ಸಲ ಆ ಕಡೆ ಈ ಕಡೆ ಓಡಾಡಿದ ಮೇಲೆ ಚಿತ್ರ ಒಂದು ಕ್ಷಣ ನಿಂತುಬಿಡುತ್ತದೆ, ಚೆಂಡೆಯ ಸದ್ದು ಮಾತ್ರ ಮುಂದೆ ಹೋಗುತ್ತದೆ. ಅಲ್ಲಿಗೆ ಪೆಟ್ಟು ಎಲ್ಲಿತ್ತೆಂದು ಹುಡುಕುವ ಕೆಲಸ ಮತ್ತೆ ಮೊದಲಿನಿಂದ.

ಎಸ್‌ಎಸ್‌ಡಿ ಕೊಳ್ಳೋಣವೆಂದು ನಿರ್ಧರಿಸಿದಾಗ ನಾನು ನೋಡಿದ್ದು ಒಂದೇ ಒಂದು ಅಂಕಿಯನ್ನು. ಡಬ್ಬದ ಮೇಲೆ ಓದುವ ವೇಗ ಸೆಕೆಂಡಿಗೆ 3,500 ಎಂಬಿ, ಬರೆಯುವ ವೇಗ 3,000 ಎಂಬಿ ಎಂದಿತ್ತು. 1 ಟಿಬಿ ಸಾಮರ್ಥ್ಯ, ಬೆಲೆ ಉಳಿದವಕ್ಕಿಂತ ಸಾಕಷ್ಟು ಕಡಿಮೆ. ತಯಾರಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಳಗಿರುವ ಫ್ಲ್ಯಾಶ್ (ಮಾಹಿತಿ ಇಡುವ ಚಿಪ್) ಯಾವ ಬಗೆಯದೆಂದು ಡಬ್ಬದ ಮೇಲೂ ಇರಲಿಲ್ಲ, ಮಾರಾಟದ ಪುಟದಲ್ಲೂ ಇರಲಿಲ್ಲ. ಅದನ್ನು ಕೇಳಬೇಕೆಂದೂ ನನಗೆ ಹೊಳೆಯಲಿಲ್ಲ.

ತಂದು ಹಾಕಿ ಒಂದು ಆಟದ ಅರ್ಧ ಭಾಗವನ್ನು, ಸುಮಾರು 700 ಜಿಬಿಯಷ್ಟನ್ನು, ಬದಲಾಯಿಸಲು ರಾತ್ರಿ 11ಕ್ಕೆ ಹಚ್ಚಿದೆ. ನನ್ನ ಪ್ರೊಸೆಸರಿನ ಶಕ್ತಿಗೆ ಈ ಕೆಲಸ ಸೆಕೆಂಡಿಗೆ 130 ಎಂಬಿಯಷ್ಟು ಫೈಲು ಹುಟ್ಟಿಸುತ್ತದೆ, ಹಾಗಾಗಿ ಒಂದೂವರೆ ಗಂಟೆಯಲ್ಲಿ ಮುಗಿಯಬೇಕು. ಮೊದಲ ಅರ್ಧ ಗಂಟೆ ಹಾಗೆಯೇ ನಡೆಯಿತು, ನಾನು ಮಲಗಿದೆ. 3 ಗಂಟೆಗೆ ಎಚ್ಚರವಾಗಿ ನೋಡಿದರೆ ಇನ್ನೂ ಮುಗಿದಿರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದೆ. ಪ್ರೊಸೆಸರ್ ಶೇ 25ರ ಆಸುಪಾಸಿನಲ್ಲಿ ಸುಮ್ಮನಿತ್ತು. ಎಸ್‌ಎಸ್‌ಡಿಯ ಹಸಿರು ಗೆರೆ ಮಾತ್ರ ಶೇ 100ಕ್ಕೆ ಅಂಟಿಕೊಂಡು ನಿಂತಿತ್ತು, ಅದರ ಕೆಳಗೆ ಬರೆಯುವ ವೇಗ ಸೆಕೆಂಡಿಗೆ 38 ಎಂಬಿ ಎಂದು ತೋರಿಸುತ್ತಿತ್ತು. ನನ್ನ ಹಳೆಯ ಹಾರ್ಡ್ ಡಿಸ್ಕ್ ಇದರ ಮೂರು ಪಟ್ಟಿಗಿಂತ ವೇಗವಾಗಿ ಬರೆಯುತ್ತದೆ. ವಸ್ತುವೇ ಕೆಟ್ಟದ್ದಿರಬೇಕೆಂದು ಮರುದಿನ ಎಲ್ಲವನ್ನೂ ಅಳಿಸಿ ಮತ್ತೆ ಹಚ್ಚಿದೆ. ಸರಿಸುಮಾರು 200 ಜಿಬಿ ದಾಟುತ್ತಿದ್ದಂತೆ ವೇಗ ಮತ್ತೆ ಅದೇ ರೀತಿ ಕುಸಿಯಿತು. ಎರಡು ಸಲವೂ ಒಂದೇ ಜಾಗದಲ್ಲಿ ಕುಸಿದದ್ದರಿಂದ, ಇದು ಕೆಟ್ಟುಹೋದದ್ದರ ಲಕ್ಷಣವಲ್ಲ, ಇದರ ರಚನೆಯೇ ಹೀಗೆ ಎಂಬ ಅನುಮಾನ ಬಂತು.

ಅನುಮಾನ ನಿಜವಾಗಿತ್ತು. ಫ್ಲ್ಯಾಶಿನ ಪ್ರತಿಯೊಂದು ಕೋಶದಲ್ಲಿ ಎಷ್ಟು ಬಿಟ್ ಇಡುತ್ತಾರೆ ಎಂಬುದರ ಮೇಲೆ ಅದರ ಬಗೆ ನಿರ್ಧಾರವಾಗುತ್ತದೆ: ಒಂದಾದರೆ ಎಸ್‌ಎಲ್‌ಸಿ, ಎರಡಾದರೆ ಎಂಎಲ್‌ಸಿ, ಮೂರಾದರೆ ಟಿಎಲ್‌ಸಿ, ನಾಲ್ಕಾದರೆ ಕ್ಯೂಎಲ್‌ಸಿ. ಒಂದು ಬಿಟ್ ಇಡಲು ಕೋಶದಲ್ಲಿ ವಿದ್ಯುದಾವೇಶದ ಎರಡು ಮಟ್ಟಗಳನ್ನು ಗುರುತಿಸಿದರೆ ಸಾಕು, ನಾಲ್ಕು ಬಿಟ್ ಇಡಲು ಹದಿನಾರು ಮಟ್ಟಗಳನ್ನು ಗುರುತಿಸಬೇಕು. ಅಷ್ಟು ನಾಜೂಕಾಗಿ ತುಂಬಲು ಹೊತ್ತು ಹಿಡಿಯುತ್ತದೆ. ಈ ನಿಧಾನ ಎದ್ದು ಕಾಣದಿರಲೆಂದು ತಯಾರಕರು ಖಾಲಿ ಇರುವ ಕೋಶಗಳಲ್ಲಿ ತಾತ್ಕಾಲಿಕವಾಗಿ ಒಂದೊಂದೇ ಬಿಟ್ ಬರೆಯುತ್ತಾರೆ. ಎಸ್‌ಎಲ್‌ಸಿ ಕ್ಯಾಶ್ ಎನ್ನುವುದು ಇದನ್ನೇ. 1 ಟಿಬಿಯ ಕ್ಯೂಎಲ್‌ಸಿ ಎಸ್‌ಎಸ್‌ಡಿ ಪೂರ್ತಿ ಖಾಲಿ ಇದ್ದಾಗ ಹೀಗೆ ಹೆಚ್ಚೆಂದರೆ ಕಾಲು ಭಾಗದಷ್ಟು, ಅಂದರೆ 250 ಜಿಬಿಯಷ್ಟು ಬರೆಯಬಹುದು. ಆಮೇಲೆ ಒಂದು ಕೈಯಲ್ಲಿ ಹಳೆಯದನ್ನು ನಾಲ್ಕು ಬಿಟ್‌ಗೆ ಒತ್ತಿ ಜೋಡಿಸುತ್ತಾ ಇನ್ನೊಂದು ಕೈಯಲ್ಲಿ ಹೊಸದನ್ನು ಬರೆಯಬೇಕು. ಡಬ್ಬದ ಮೇಲಿನ 3,000 ಸುಳ್ಳಲ್ಲ, ಆದರೆ ಅದು ಮೊದಲ ಕಾಲು ಭಾಗದ ಸತ್ಯ. ದಿನಕ್ಕೆ ನಾಲ್ಕೈದು ಜಿಬಿ ಬರೆಯುವ ಮನೆಯವರಿಗೆ ಈ ಕ್ಯಾಶ್ ತುಂಬುವುದೇ ಇಲ್ಲವಾದ್ದರಿಂದ ಅವರು ಇಂಥದ್ದನ್ನು ವರ್ಷಗಟ್ಟಲೆ ಬಳಸಿದರೂ ತೊಂದರೆ ಅನುಭವಕ್ಕೆ ಬರಲಾರದು. ನನ್ನ ಕೆಲಸ ಶುರುವಾಗುವುದೇ ಅದು ತುಂಬಿದ ಮೇಲೆ.

ಇಷ್ಟು ತಿಳಿದ ಮೇಲೆ ಎರಡನೆಯ ಸಲದ ಹುಡುಕಾಟದಲ್ಲಿ ನಾನು ಮೊದಲು ನೋಡಿದ್ದು ಪರೀಕ್ಷೆ ಮಾಡಿದವರು ಕೊಡುವ ಒಂದು ಬಗೆಯ ಗ್ರಾಫನ್ನು. ಖಾಲಿ ಎಸ್‌ಎಸ್‌ಡಿಯನ್ನು ತುಂಬುವವರೆಗೆ ಎಡೆಬಿಡದೆ ಬರೆದು, ವೇಗ ಹೇಗೆ ಬದಲಾಗುತ್ತದೆ ಎಂದು ತೋರಿಸುವ ಗ್ರಾಫ್ ಅದು. ಎಡತುದಿಯಲ್ಲಿ ಎಲ್ಲವೂ ಎತ್ತರದಲ್ಲಿಯೇ ಇರುತ್ತವೆ. ಬಲತುದಿಯಲ್ಲಿ ಕೆಲವು ನೆಲ ಹಿಡಿದಿರುತ್ತವೆ, ಕೆಲವು ಸೆಕೆಂಡಿಗೆ ಸಾವಿರ ಎಂಬಿಗೂ ಮೇಲೆ ನಿಂತಿರುತ್ತವೆ. ನನಗೆ ಬೇಕಾದ 130 ಎಂಬಿ ದೊಡ್ಡ ಅಂಕಿಯೇನಲ್ಲ. ಆದರೆ ಒಂದು ಆಟ ಹಿನ್ನೆಲೆಯಲ್ಲಿ ಬದಲಾಗುತ್ತಿರುವಾಗ ಹಿಂದಿನ ಆಟದ ಉಳಿದ ಭಾಗದ ಎಡಿಟಿಂಗ್ ಅದೇ ಎಸ್‌ಎಸ್‌ಡಿಯಿಂದ ನಡೆಯಬೇಕು, ಓದುವುದೂ ಬರೆಯುವುದೂ ಒಟ್ಟಿಗೆ ಸಾಗಬೇಕು, ಮುಕ್ಕಾಲು ಭಾಗ ತುಂಬಿದ್ದಾಗಲೂ ಸಾಗಬೇಕು. ಆದ್ದರಿಂದ ಟಿಎಲ್‌ಸಿಯೇ ಆಗಬೇಕೆಂದು ನಿಶ್ಚಯಿಸಿದೆ. ಆಟಕ್ಕೆ 1.4 ಟಿಬಿ ಬೇಕಾದ್ದರಿಂದ ಸಾಮರ್ಥ್ಯ 2 ಟಿಬಿ ಎಂಬುದು ತಾನಾಗಿಯೇ ನಿಂತಿತು.

ಬಾಳಿಕೆಯ ವಿಷಯದಲ್ಲಿ ನನಗೆ ಇದ್ದ ಹೆದರಿಕೆ ಲೆಕ್ಕ ಹಾಕಿದಾಗ ಕರಗಿತು. ವಾರಂಟಿ ಅವಧಿಯಲ್ಲಿ ಒಟ್ಟು ಎಷ್ಟು ಟೆರಾಬೈಟ್ ಬರೆಯಬಹುದು ಎಂಬುದನ್ನು ಟಿಬಿಡಬ್ಲ್ಯೂ ಎಂದು ಕೊಡುತ್ತಾರೆ. 2 ಟಿಬಿಯ ಒಳ್ಳೆಯ ಟಿಎಲ್‌ಸಿಗಳಲ್ಲಿ ಇದು 1,200, ಅದೇ ಗಾತ್ರದ ಕ್ರೂಶಿಯಲ್ ಪಿ3 ಪ್ಲಸ್‌ನಂಥ ಕ್ಯೂಎಲ್‌ಸಿಯಲ್ಲಿ 440. ಒಂದು ಆಟಕ್ಕೆ 1.7 ಟಿಬಿ ಬರೆದರೂ ಇಡೀ ತಿರುಗಾಟದ ಕಾಲದಲ್ಲಿ ನಾನು ಬರೆಯುವುದು 25 ಟಿಬಿ ದಾಟುವುದಿಲ್ಲ. 440 ಕೂಡ ನನಗೆ ಹದಿನೇಳು ವರ್ಷಕ್ಕೆ ಸಾಕು. ಟಿಬಿಡಬ್ಲ್ಯೂ ಅಂಕಿಯನ್ನು ಹಿಡಿದುಕೊಂಡು ಗಂಟೆಗಟ್ಟಲೆ ಚರ್ಚಿಸುವುದು, ನನ್ನ ಮಟ್ಟಿಗಂತೂ, ವ್ಯರ್ಥ.

ಸಾಟಾ ಎಸ್‌ಎಸ್‌ಡಿಯನ್ನೇ ಕೊಂಡರೆ ಹೇಗೆ ಎಂದೂ ಯೋಚಿಸಿದೆ, ಏಕೆಂದರೆ ನನಗೆ ಬೇಕಾದ ಓದುವ ವೇಗ ಮತ್ತು ಬರೆಯುವ ವೇಗ ಎರಡನ್ನೂ ಕೂಡಿಸಿದರೂ ಸಾಟಾದ 550 ಎಂಬಿಯ ಮಿತಿಯೊಳಗೇ ಇತ್ತು. ಆದರೆ ಸಾಟಾದ ಹಿಂದಿರುವ ಎಎಚ್‌ಸಿಐ ಎಂಬ ಪದ್ಧತಿ ಹಾರ್ಡ್ ಡಿಸ್ಕಿನ ಕಾಲದ್ದು. ಅದರಲ್ಲಿ ಕೆಲಸಗಳು ಒಂದೇ ಸಾಲಿನಲ್ಲಿ ನಿಲ್ಲಬೇಕು, ಆ ಸಾಲಿನಲ್ಲಿ 32 ಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. 2011ರಲ್ಲಿ ಬಂದ ಎನ್‌ವಿಎಂಇ ಪದ್ಧತಿಯಲ್ಲಿ ಅಂಥ ಸಾಲುಗಳು 65 ಸಾವಿರದವರೆಗೆ ಇರಬಹುದು, ಪ್ರೊಸೆಸರಿನ ಒಂದೊಂದು ಕೋರ್ ತನ್ನದೇ ಸಾಲನ್ನು ಇಟ್ಟುಕೊಳ್ಳಬಹುದು. ಮನೆಯ ಕಂಪ್ಯೂಟರಿಗೆ ಅಷ್ಟೆಲ್ಲ ಬೇಕಾಗುವುದಿಲ್ಲ ಎಂಬುದು ಬೇರೆ ಮಾತು. ಕೊನೆಗೆ ತೀರ್ಮಾನ ಮಾಡಿದ್ದು ಬೆಲೆಯೇ: ಒಳ್ಳೆಯ ಟಿಎಲ್‌ಸಿ ಇರುವ 2 ಟಿಬಿಯ ಸಾಟಾ, ಅದೇ ಗಾತ್ರದ ಎನ್‌ವಿಎಂಇಗಿಂತ ಹೇಳಿಕೊಳ್ಳುವಷ್ಟು ಅಗ್ಗವಾಗಿ ಎಲ್ಲೂ ಸಿಗಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಪೇಟೆಯಾದ ಎಸ್.ಪಿ. ರಸ್ತೆಗೆ ಹೋದೆ. ಕೈಯಲ್ಲಿದ್ದ ಚೀಟಿಯಲ್ಲಿ ಸ್ಯಾಮ್‌ಸಂಗ್ 990 ಪ್ರೊ, ಡಬ್ಲ್ಯೂಡಿ ಬ್ಲ್ಯಾಕ್ ಎಸ್‌ಎನ್850ಎಕ್ಸ್ ಮತ್ತು ಅದೇ ಕಂಪನಿಯ ಎಸ್‌ಎನ್770 ಎಂಬ ಮೂರು ಹೆಸರುಗಳಿದ್ದವು. ಮೂರೂ ಟಿಎಲ್‌ಸಿ, ಮೂರಕ್ಕೂ ಐದು ವರ್ಷದ ವಾರಂಟಿ. ಮೊದಲ ಅಂಗಡಿಯ ಹುಡುಗ ನನ್ನ ಚೀಟಿಯನ್ನು ನೋಡುವ ಮೊದಲೇ ಜೆನ್ 5ರ (ಎಸ್‌ಎಸ್‌ಡಿಯನ್ನು ಜೋಡಿಸುವ ಪಿಸಿಐಇ ದಾರಿಯ ಐದನೆಯ ತಲೆಮಾರು) ಡಬ್ಬವನ್ನು ಮುಂದಿಟ್ಟು, ಇದರಲ್ಲಿ ಹದಿನಾಲ್ಕು ಸಾವಿರ ಸ್ಪೀಡು ಬರುತ್ತದೆ ಎಂದ. ಎರಡನೆಯ ಅಂಗಡಿಯಲ್ಲಿ ಗಲ್ಲಾದ ಮೇಲೆ ಕುಳಿತಿದ್ದ ಹಿರಿಯರು ಚೀಟಿ ಓದಿ, ಡಬ್ಬ ತೆಗೆಯುವ ಬದಲು ಪ್ರಶ್ನೆ ಕೇಳಿದರು.

"ಬೋರ್ಡು ಯಾವುದು ಸಾರ್?"

"ಬಿ550. ಜೆನ್ 4 ಇದೆ."

"ಪ್ರೊಸೆಸರ್?"

"5600ಜಿ."

"ಜಿ ಅಂದ್ರೆ ಜೆನ್ ತ್ರೀ ಅಷ್ಟೇ ಸಾರ್. ಬೋರ್ಡು ಕೊಡೋಕೆ ರೆಡಿ ಇದ್ರೂ ಪ್ರೊಸೆಸರ್ ಕೊಡಲ್ಲ. ನೀವು ಏಳು ಸಾವಿರದ್ದು ಹಾಕಿದ್ರೂ ಮೂರೂವರೆ ಸಾವಿರಕ್ಕೇ ನಿಲ್ಲುತ್ತೆ."

ಅವರ ಮಾತು ಸರಿಯಾಗಿತ್ತು. ಬಿ550 ಬೋರ್ಡಿನ ಮೊದಲ ಎಂ.2 ಸ್ಲಾಟು (ಎಸ್‌ಎಸ್‌ಡಿ ಕೂರಿಸುವ ಕಿಂಡಿ) ನೇರವಾಗಿ ಪ್ರೊಸೆಸರಿಗೆ ಜೋಡಿಸಿದ್ದು. ಅಲ್ಲಿ ಜೆನ್ 4 ಸಿಗಬೇಕಾದರೆ ಪ್ರೊಸೆಸರ್ ಅದನ್ನು ಕೊಡಬೇಕು. 5600 ಕೊಡುತ್ತದೆ, ಒಳಗೇ ಗ್ರಾಫಿಕ್ಸ್ ಇರುವ 5600ಜಿ ಪಿಸಿಐಇ 3.0ಕ್ಕೆ ನಿಲ್ಲುತ್ತದೆ. ಎರಡನೆಯ ಎಂ.2 ಸ್ಲಾಟು ಬೋರ್ಡಿನ ಮೇಲಿನ ಚಿಪ್‌ಸೆಟ್ ಎಂಬ ಸಹಾಯಕ ಚಿಪ್ಪಿಗೆ ಸೇರಿದ್ದು, ಅದು ಹೇಗೂ 3.0. ಬೋರ್ಡಿನ ಡಬ್ಬದ ಮೇಲೆ ದೊಡ್ಡದಾಗಿ ಜೆನ್ 4 ಎಂದು ಮುದ್ರಿಸಿದ್ದನ್ನು ನಾನು ಎರಡು ವರ್ಷದಿಂದ ನಂಬಿಕೊಂಡು ಬಂದಿದ್ದೆ. ವ್ಯಾಪಾರ ಕೈತಪ್ಪಬಹುದೆಂಬುದನ್ನೂ ಲೆಕ್ಕಿಸದೆ ಸತ್ಯ ಹೇಳಿದ ಆ ಹಿರಿಯರ ಅಂಗಡಿಯಿಂದಲೇ ಕೊಳ್ಳಬೇಕೆಂದು ಅಲ್ಲೇ ತೀರ್ಮಾನಿಸಿದೆ.

ಜೆನ್ 3ರದ್ದನ್ನೇ ಕೊಂಡರೆ ಹಣ ಉಳಿಯುತ್ತದೆಯೇ ಎಂದು ಅವರನ್ನೇ ಕೇಳಿದೆ. ಡಿರ‍್ಯಾಮ್ (ಎಸ್‌ಎಸ್‌ಡಿಯೊಳಗಿನ ವೇಗದ ತಾತ್ಕಾಲಿಕ ಸ್ಮೃತಿ) ಇರುವ ಒಳ್ಳೆಯ ಜೆನ್ 3 ಈಗ ಬರುವುದೇ ಕಡಿಮೆ, ಬಂದರೂ ಬೆಲೆ ಇಳಿದಿಲ್ಲ ಎಂದರು. ಸ್ಯಾಮ್‌ಸಂಗನ್ನು ಬದಿಗಿಟ್ಟ ಮೇಲೆ ಉಳಿದದ್ದು ಎಸ್‌ಎನ್770 ಮತ್ತು ಎಸ್‌ಎನ್850ಎಕ್ಸ್ ನಡುವಿನ ಆಯ್ಕೆ. 770ರಲ್ಲಿ ಡಿರ‍್ಯಾಮ್ ಇಲ್ಲ. ಯಾವ ಮಾಹಿತಿ ಯಾವ ಕೋಶದಲ್ಲಿದೆ ಎಂಬ ಪಟ್ಟಿಯನ್ನು ಎಸ್‌ಎಸ್‌ಡಿ ಸದಾ ನೋಡುತ್ತಿರಬೇಕು. 1 ಟಿಬಿಗೆ ಆ ಪಟ್ಟಿ ಸುಮಾರು 1 ಜಿಬಿಯಷ್ಟಾಗುತ್ತದೆ. ಡಿರ‍್ಯಾಮ್ ಇದ್ದರೆ ಇಡೀ ಪಟ್ಟಿ ಅಲ್ಲೇ ಕೈಗೆಟುಕುವಂತಿರುತ್ತದೆ. ಇಲ್ಲದಿದ್ದರೆ ಕಂಪ್ಯೂಟರಿನ ರ‍್ಯಾಮಿನಿಂದ ಸಾಮಾನ್ಯವಾಗಿ 64 ಎಂಬಿಯಷ್ಟು ಎರವಲು ಪಡೆದು, ಪಟ್ಟಿಯ ಬೇಕಾದ ತುಣುಕನ್ನಷ್ಟೇ ಅಲ್ಲಿ ಇಟ್ಟುಕೊಳ್ಳುತ್ತದೆ. ಉದ್ದನೆಯ ಒಂದೇ ಫೈಲನ್ನು ಓದುವಾಗ ಇದರಿಂದ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ, ಕಂಪ್ಯೂಟರ್ ಗೇಮ್ ಆಡುವ ಮಕ್ಕಳಿಗಾಗಿ ಯಾರಾದರೂ ಕೇಳಿದರೆ ನಾನು 770ನ್ನೇ ಹೇಳುತ್ತೇನೆ. ನನ್ನ ಡಿಸ್ಕಿನಲ್ಲಿ ಮಾತ್ರ ಒಂದು ತುದಿಯಲ್ಲಿ ಬರೆಯುತ್ತಾ ಇನ್ನೆರಡು ಜಾಗಗಳಿಂದ ಓದುವ ಕೆಲಸ ತಾಸುಗಟ್ಟಲೆ ನಡೆಯುತ್ತದೆ. ಗ್ರಾಫಿನ ಬಲತುದಿಯಲ್ಲಿ 850ಎಕ್ಸ್ ಮೇಲಿತ್ತು. ಅಂದಿನ ಬೆಲೆಯಲ್ಲಿ ಇದ್ದ ಅಂತರ ಮೂರು ಸಾವಿರ ರೂಪಾಯಿ; ಪ್ರೊಸೆಸರ್ ಬದಲಾಯಿಸಿದ ದಿನ ಇದರ 7,300 ಎಂಬಿಯ ವೇಗವೂ ನನಗೆ ದಕ್ಕುತ್ತದೆ. ನನ್ನ ಬೋರ್ಡಿನಲ್ಲೇ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಪಟ್ಟಿ) ಇದ್ದುದರಿಂದ ಹೀಟ್‌ಸಿಂಕ್ ಇಲ್ಲದ 2 ಟಿಬಿಯದನ್ನು ತೆಗೆದುಕೊಂಡೆ. ಹಣ ಕೊಡುವ ಮೊದಲು ಡಬ್ಬದ ಮೇಲಿನ ಸೀರಿಯಲ್ ನಂಬರನ್ನು ತಯಾರಕರ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಇರುವುದನ್ನು ನೋಡಿದೆ, ಆ ನಂಬರನ್ನು ಜಿಎಸ್‌ಟಿ ಬಿಲ್ಲಿನಲ್ಲಿಯೂ ಬರೆಸಿಕೊಂಡೆ. ಹೀಗೆ ಮಾಡಿದ್ದಕ್ಕೆ ಹಿರಿಯರು ಬೇಸರಪಡಲಿಲ್ಲ. ನಂಬರ್ ಓದಲು ತಮ್ಮ ಭೂತಗನ್ನಡಿಯನ್ನೇ ಕೊಟ್ಟರು.

ಮನೆಗೆ ಬಂದು ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದೆ. ವಿದ್ಯುತ್ ಸಂಪರ್ಕ ತೆಗೆದು, ಮೈಯ ಸ್ಥಿರವಿದ್ಯುತ್ ಹರಿದುಹೋಗಲೆಂದು ಕೇಸಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಮೊದಲ ಸ್ಲಾಟಿನಲ್ಲಿದ್ದ ಹಳೆಯ 1 ಟಿಬಿಯ ಎಸ್‌ಎಸ್‌ಡಿಯನ್ನು ಎರಡನೆಯದಕ್ಕೆ ವರ್ಗಾಯಿಸಿದೆ. ಎಂ.2 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ, ಚ್ಯೂಯಿಂಗ್ ಗಮ್ಮಿನ ಪಟ್ಟಿಯಷ್ಟೇ. ಅದನ್ನು ಓರೆಯಾಗಿ ಸ್ಲಾಟಿಗೆ ತೂರಿಸಿದರೆ ಇನ್ನೊಂದು ತುದಿ ಸ್ಪ್ರಿಂಗಿನಂತೆ ಮೇಲೆದ್ದು ನಿಲ್ಲುತ್ತದೆ. ಬೆರಳಿನಿಂದ ಮೆಲ್ಲನೆ ಒತ್ತಿ ಹಿಡಿದು, ಅಕ್ಕಿಕಾಳಿನಷ್ಟೇ ಇರುವ ಸ್ಕ್ರೂ ತಿರುಗಿಸಬೇಕು. ನನ್ನ ಮಗಳು ಮೊಬೈಲಿನ ಟಾರ್ಚ್ ಹಿಡಿದು ನಿಂತಿದ್ದಳು. ಹೀಟ್‌ಸಿಂಕಿನ ಒಳಬದಿಯ ಮೆತ್ತನೆಯ ಪ್ಯಾಡಿನ ಮೇಲೆ ತೆಳುವಾದ ಪಾರದರ್ಶಕ ಹಾಳೆ ಇರುವುದನ್ನು ಕಂಡದ್ದು ಅವಳೇ. ಇಷ್ಟು ದಿನ ಅದನ್ನು ಸುಲಿಯದೆಯೇ ಹಳೆಯ ಎಸ್‌ಎಸ್‌ಡಿಯ ಮೇಲೆ ಕೂರಿಸಿದ್ದೆ. ಸುಲಿದು ಎಸೆದೆ.

ಕಂಪ್ಯೂಟರ್ ಹಚ್ಚಿದಾಗ ಹೊಸ ಎಸ್‌ಎಸ್‌ಡಿ ಕಂಡಿತು, ಹಳೆಯದೂ ಕಂಡಿತು, ಆದರೆ 4 ಟಿಬಿಯ ಹಾರ್ಡ್ ಡಿಸ್ಕ್ ಕಾಣಲಿಲ್ಲ. ಹಲವು ಆಟಗಳ ಮೂಲ ಚಿತ್ರೀಕರಣ ಅದರಲ್ಲಿತ್ತು, ಮತ್ತು ಕೊನೆಯ ಮೂರು ಆಟಗಳ ಇನ್ನೊಂದು ಪ್ರತಿಯನ್ನು ನಾನು ಆಗ ಇನ್ನೂ ಮಾಡಿರಲಿಲ್ಲ. ಕೈ ತಣ್ಣಗಾಯಿತು. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದರೂ ಫಲವಿಲ್ಲ. ಕಿವಿಗೊಟ್ಟರೆ ತಟ್ಟೆ ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು. ಕಡೆಗೆ ಬೋರ್ಡಿನ ಪುಸ್ತಿಕೆ ತೆರೆದಾಗ ಸಣ್ಣ ಅಕ್ಷರದ ಒಂದು ಸಾಲು ಸಿಕ್ಕಿತು: ಎರಡನೆಯ ಎಂ.2 ಸ್ಲಾಟನ್ನು ಬಳಸಿದರೆ 5 ಮತ್ತು 6ನೆಯ ಸಾಟಾ ಪೋರ್ಟುಗಳು ಕೆಲಸ ಮಾಡುವುದಿಲ್ಲ. ಚಿಪ್‌ಸೆಟ್ಟಿನಿಂದ ಹೊರಡುವ ದಾರಿಗಳು ಎಣಿಕೆಯವಾದ್ದರಿಂದ ಅವೆರಡೂ ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ. ನನ್ನ ಹಾರ್ಡ್ ಡಿಸ್ಕ್ 5ರಲ್ಲಿತ್ತು. ಕೇಬಲನ್ನು 2ಕ್ಕೆ ಬದಲಾಯಿಸಿದೆ, ಎಲ್ಲ ಫೈಲುಗಳೂ ಬಂದವು. ಉಳಿದೆಲ್ಲವನ್ನೂ ಬದಿಗಿಟ್ಟು ಆ ಮೂರು ಆಟಗಳ ಎರಡನೆಯ ಪ್ರತಿಯನ್ನು ಅದೇ ಸಂಜೆ ಮಾಡಿದೆ.

ಆಮೇಲಿನದು ಸುಲಭ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಜಿಪಿಟಿ ಎಂಬ ಡಿಸ್ಕ್ ವಿಭಾಗದ ಪದ್ಧತಿಯನ್ನು ಆಯ್ದು ಫಾರ್ಮ್ಯಾಟ್ ಮಾಡಿದೆ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುವುದರಿಂದ 2 ಟಿಬಿ ಎಂಬುದು 1.81 ಟಿಬಿ ಎಂದು ಕಾಣಿಸಿತು. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಎಂಬ ವೇಗ ಅಳೆಯುವ ಪ್ರೋಗ್ರಾಂ ಓಡಿಸಿದಾಗ ಓದುವ ವೇಗ 3,500ರ ಹತ್ತಿರ ಬಂತು, ಹಿರಿಯರು ಹೇಳಿದಷ್ಟೇ. ಅದರ ಕೊನೆಯ ಸಾಲನ್ನು ಹೆಚ್ಚು ಜನ ನೋಡುವುದಿಲ್ಲ: ಚೆಲ್ಲಾಪಿಲ್ಲಿಯಾಗಿರುವ 4 ಕೆಬಿಯ ತುಣುಕುಗಳನ್ನು ಒಂದಾದ ಮೇಲೊಂದರಂತೆ ಓದುವ ವೇಗ, ಸೆಕೆಂಡಿಗೆ 70 ಎಂಬಿಯ ಆಸುಪಾಸು. ಪ್ರೋಗ್ರಾಂ ತೆರೆಯುವಾಗ, ಕಂಪ್ಯೂಟರ್ ಏಳುವಾಗ ನಡೆಯುವುದು ಹೆಚ್ಚಾಗಿ ಈ ಬಗೆಯ ಓದು, ಮತ್ತು ಇದು ಜೆನ್ 3ರಿಂದ ಜೆನ್ 4ಕ್ಕೆ ಹೋದರೆ ದುಪ್ಪಟ್ಟಾಗುವಂಥದ್ದಲ್ಲ.

ನಾನು ಕಾಯುತ್ತಿದ್ದ ಪರೀಕ್ಷೆ ಬೇರೆ. ಇಡೀ ಒಂದು ಆಟವನ್ನು, ಎರಡೂ ಕ್ಯಾಮೆರಾದ ಮೂರೂವರೆ ಗಂಟೆಗಳನ್ನು, ಒಂದೇ ಸಲಕ್ಕೆ ಬದಲಾಯಿಸಲು ಹಚ್ಚಿ ಟಾಸ್ಕ್ ಮ್ಯಾನೇಜರಿನ ಮುಂದೆ ಕುಳಿತೆ. 200 ಜಿಬಿ ದಾಟಿತು. 500 ದಾಟಿತು. ಈ ಸಲ ಶೇ 95ರಲ್ಲಿ ಏದುಸಿರು ಬಿಡುತ್ತಿದ್ದದ್ದು ಪ್ರೊಸೆಸರ್. ಎಸ್‌ಎಸ್‌ಡಿಯ ಗೆರೆ ಶೇ 10ರ ಕೆಳಗೆ ತೆವಳುತ್ತಿತ್ತು, ಬಿಸಿ 52 ಡಿಗ್ರಿ ಸೆಲ್ಸಿಯಸ್ ದಾಟಲಿಲ್ಲ. ಮೂರು ಗಂಟೆಯಲ್ಲಿ ಕೆಲಸ ಮುಗಿಯಿತು. ಅದು ನಡೆಯುತ್ತಿರುವಾಗಲೇ ಹಿಂದಿನ ಆಟದ ಒಂದು ಒಡ್ಡೋಲಗವನ್ನು ತೆರೆದು, ಚೆಂಡೆಯ ಒಂದು ಪೆಟ್ಟಿನ ಸುತ್ತ ಇಪ್ಪತ್ತು ಸಲ ಹಿಂದೆ ಮುಂದೆ ಓಡಿಸಿದೆ. ಒಮ್ಮೆಯೂ ಚಿತ್ರ ನಿಲ್ಲಲಿಲ್ಲ. ಪೆಟ್ಟು ಬಿದ್ದ ಚಿತ್ರದ ಮೇಲೆಯೇ ಕತ್ತರಿ ಹಾಕಿದೆ.

ಮೂಲ ಚಿತ್ರೀಕರಣವನ್ನು ಈಗಲೂ ಎಸ್‌ಎಸ್‌ಡಿಯಲ್ಲಿ ಕಾಯಂ ಆಗಿ ಇಡುವುದಿಲ್ಲ. ಅಳಿಸಿದ ಜಾಗವನ್ನು ವಿಂಡೋಸ್ ಟ್ರಿಮ್ ಆದೇಶದ ಮೂಲಕ ಎಸ್‌ಎಸ್‌ಡಿಗೆ ತಿಳಿಸಿಬಿಡುತ್ತದೆ, ಆಮೇಲೆ ಅಲ್ಲಿದ್ದುದನ್ನು ಮರಳಿ ಪಡೆಯುವ ಆಸೆ ಬಹುಮಟ್ಟಿಗೆ ಬಿಡಬೇಕಾದದ್ದೇ. ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿ ಇಡುವುದಕ್ಕೂ ಫ್ಲ್ಯಾಶ್ ತಕ್ಕದ್ದಲ್ಲ. ಮೂಲ ಫೈಲುಗಳ ಒಂದು ಪ್ರತಿ ನನ್ನ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಊರಿನಲ್ಲಿ ಭಾವನ ಮನೆಯ ಹಾರ್ಡ್ ಡಿಸ್ಕಿನಲ್ಲಿ ಇರುತ್ತದೆ.

ಹಳೆಯ 1 ಟಿಬಿಯ ಎಸ್‌ಎಸ್‌ಡಿಯನ್ನು ಎಸೆಯಲಿಲ್ಲ. ಯುಎಸ್‌ಬಿಗೆ ಜೋಡಿಸುವ ಪುಟ್ಟ ಅಲ್ಯೂಮಿನಿಯಂ ಡಬ್ಬಿಯೊಂದರಲ್ಲಿ ಹಾಕಿದ್ದೇನೆ. ಎಡಿಟ್ ಮುಗಿದ ಆಟದ ಫೈಲು 40 ಜಿಬಿಯಷ್ಟಾಗುತ್ತದೆ, ಅಷ್ಟು ಅದರ ಕ್ಯಾಶಿನೊಳಗೆ ಆರಾಮವಾಗಿ ಹಿಡಿಯುತ್ತದೆ, ಒಂದು ನಿಮಿಷದೊಳಗೆ ಕಾಪಿ ಆಗುತ್ತದೆ. ಊರಿಗೆ ಹೊರಡುವ ದಿನ ಅದನ್ನೇ ಜೇಬಿನಲ್ಲಿ ಹಾಕಿಕೊಳ್ಳುತ್ತೇನೆ. ಭಾವ ಅದನ್ನು ಟಿವಿಗೆ ಸಿಕ್ಕಿಸುತ್ತಾರೆ.